ಸಿಮ್ ಬೇಸ್‌ಬಾಲ್ ಲೀಗಿನ ಹಾಲ್ ಆಫ್ ಫೇಮ್: ಹೊಸಬರನ್ನು ಸೇರಿಸಿಕೊಳ್ಳುವುದು ಹೇಗೆ, ಮೊದಲಿಂದ ಕೊನೆವರೆಗೆ

ಹತ್ತಿಪ್ಪತ್ತು ಸೀಸನ್ ದಾಟಿದ ಯಾವುದೇ ಸಿಮ್ ಲೀಗಿನಲ್ಲಿ ಒಂದು ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ, "ನಮಗೂ ಒಂದು ಹಾಲ್ ಆಫ್ ಫೇಮ್ ಬೇಡ್ವಾ?" ಅಂದರೆ ನಿವೃತ್ತರಾದ ಅತ್ಯುತ್ತಮ ಆಟಗಾರರ ಗೌರವಪಟ್ಟಿ. ಎಲ್ಲರೂ ಬೇಕು ಬೇಕು ಅನ್ನುತ್ತಾರೆ. ಎರಡೇ ದಿನಕ್ಕೆ ಜಗಳ ಶುರು. ಯಾಕೆಂದರೆ ಎಲ್ಲರ ತಲೆಗೂ ಮೊದಲು ಬರುವುದು ಹೆಸರುಗಳು, ಅದೂ ತಮ್ಮ ತಮ್ಮ ತಂಡದ ಹೆಸರುಗಳು. ನಿಯಮ ಆಮೇಲೆ ನೋಡಿಕೊಂಡರಾಯಿತು ಅಂದುಕೊಳ್ಳುತ್ತಾರೆ. ನಾನು ಹೇಳುವುದು ಪೂರ್ತಿ ಉಲ್ಟಾ. ಹೆಸರಿನ ಕಡೆ ಕಣ್ಣು ಹಾಕುವ ಮುಂಚೆ ನಿಯಮ ಬರೆದು ಮುಗಿಸಿ. ನಮ್ಮ ಲೀಗಿನಲ್ಲಿ ಕಮಿಷನರ್ ಕೆಲಸ ನೋಡಿಕೊಳ್ಳುವವನಾಗಿ ನಾನು ಈ ಪಾಠವನ್ನು ಕಷ್ಟಪಟ್ಟೇ ಕಲಿತಿದ್ದೇನೆ.

ಸಿಮ್ ಲೀಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸಿಮ್ ಅಂದರೆ ಸಿಮ್ಯುಲೇಶನ್, ಮೈದಾನಕ್ಕೆ ಇಳಿಯದೆ ಲೆಕ್ಕದಲ್ಲೇ ಆಡಿಸುವ ಬೇಸ್‌ಬಾಲ್. ಅಮೆರಿಕದಲ್ಲಿ ಇದು ಹಳೇ ಹುಚ್ಚು. 1951ರಲ್ಲಿ ಎಪಿಬಿಎ, 1961ರಲ್ಲಿ ಸ್ಟ್ರಾಟ್-ಓ-ಮ್ಯಾಟಿಕ್ ಬಂದವು. ಎರಡೂ ಕಾರ್ಡು ಮತ್ತು ದಾಳದ ಆಟಗಳು. ಒಬ್ಬೊಬ್ಬ ಆಟಗಾರನಿಗೂ ಒಂದು ಕಾರ್ಡು, ದಾಳ ಎಸೆದರೆ ಹೋಮ್ ರನ್ನೋ (ನಮ್ಮ ಸಿಕ್ಸರ್ ಥರ) ಔಟೋ ಗೊತ್ತಾಗುತ್ತದೆ. ಈಗ ಅದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಜಾಸ್ತಿ ಜನ ಬಳಸುವುದು ಔಟ್ ಆಫ್ ದ ಪಾರ್ಕ್, ಚಿಕ್ಕದಾಗಿ ಓಓಟಿಪಿ. ಒಂದೊಂದು ತಂಡಕ್ಕೂ ಒಬ್ಬ ಮನುಷ್ಯ ಜಿಎಂ, ಅಂದರೆ ಜನರಲ್ ಮ್ಯಾನೇಜರ್, ಇರುತ್ತಾನೆ. ಅವನು ಆಟಗಾರರನ್ನು ಕೊಳ್ಳುತ್ತಾನೆ, ಮಾರುತ್ತಾನೆ, ಲೈನ್‌ಅಪ್ ಹಾಕುತ್ತಾನೆ. ಕಮಿಷನರ್ ವಾರಕ್ಕೆ ಇಷ್ಟು ದಿನ ಅಂತ ಸಿಮ್ ಓಡಿಸಿ ಲೀಗ್ ಫೈಲನ್ನು ಎಲ್ಲರಿಗೂ ಹಂಚುತ್ತಾನೆ. ಬ್ಯಾಟ್ ಹಿಡಿಯುವವರು ಯಾರೂ ಇಲ್ಲ. ಪಂದ್ಯವನ್ನು ಕಣ್ಣಾರೆ ಕಂಡವರೂ ಯಾರೂ ಇಲ್ಲ. ಉಳಿಯುವುದು ಅಂಕಿ ಮಾತ್ರ. ಆ ಅಂಕಿಗಳನ್ನು ಮನುಷ್ಯರನ್ನಾಗಿ ಮಾಡುವ ಜಾಗವೇ ಹಾಲ್ ಆಫ್ ಫೇಮ್.

ಕೂಪರ್ಸ್‌ಟೌನ್‌ನವರು ಏನು ಮಾಡುತ್ತಾರೆ

ಅಸಲಿ ಹಾಲ್ ಆಫ್ ಫೇಮ್ ಇರುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನುವ ಸಣ್ಣ ಊರಿನಲ್ಲಿ. ಮೊದಲ ಚುನಾವಣೆ ನಡೆದದ್ದು 1936ರಲ್ಲಿ, ಕಟ್ಟಡದ ಬಾಗಿಲು ತೆರೆದದ್ದು 1939ರಲ್ಲಿ. ಆ ಮೊದಲ ಸಲ 226 ಮತಪತ್ರ ಬಂದಿದ್ದವು. ಟೈ ಕಾಬ್‌ಗೆ 222, ಬೇಬ್ ರೂತ್‌ಗೂ ಹೋನಸ್ ವ್ಯಾಗ್ನರ್‌ಗೂ ತಲಾ 215. ನೋಡಿ, ಬೇಬ್ ರೂತ್ ಬೇಡ ಅಂದವರು 11 ಜನ ಇದ್ದರು! ಹಾಗಾಗಿ ನಿಮ್ಮ ಲೀಗಿನಲ್ಲಿ ಯಾರೋ ಒಬ್ಬ ವಿಚಿತ್ರವಾಗಿ ಓಟು ಹಾಕಿದ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರ ಓಟೂ ಪಡೆದ ಮೊದಲ ಆಟಗಾರ ಸಿಕ್ಕಿದ್ದೇ 2019ರಲ್ಲಿ. ಮರಿಯಾನೊ ರಿವೇರಾ, 425ಕ್ಕೆ 425. ಮರುವರ್ಷ ಡೆರೆಕ್ ಜೀಟರ್‌ಗೆ ಒಂದು ಓಟು ತಪ್ಪಿತು. 2025ರಲ್ಲಿ ಇಚಿರೋಗೂ ಒಂದೇ ಒಂದು ತಪ್ಪಿತು.

ನಿಯಮಗಳು ಹೀಗಿವೆ. ಆಟಗಾರ ಕನಿಷ್ಠ 10 ಸೀಸನ್ ಆಡಿರಬೇಕು. ನಿವೃತ್ತಿಯಾಗಿ 5 ವರ್ಷ ಕಳೆದಿರಬೇಕು. ಓಟು ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ 10 ವರ್ಷ ಇದ್ದ ಪತ್ರಕರ್ತರು. ಒಬ್ಬರು ಹೆಚ್ಚೆಂದರೆ 10 ಹೆಸರು ಬರೆಯಬಹುದು. ಶೇ. 75 ಸಿಕ್ಕರೆ ಒಳಗೆ. ಶೇ. 5ಕ್ಕಿಂತ ಕಡಿಮೆ ಬಂದರೆ ಪಟ್ಟಿಯಿಂದಲೇ ಹೊರಗೆ. ಎರಡರ ನಡುವೆ ಇದ್ದವರು 10 ವರ್ಷದವರೆಗೆ ಪಟ್ಟಿಯಲ್ಲಿ ಉಳಿಯಬಹುದು. ಇದು ಮೊದಲು 15 ವರ್ಷ ಇತ್ತು, 2014ರಲ್ಲಿ 10ಕ್ಕೆ ಇಳಿಸಿದರು. ನಮ್ಮ ಕ್ರಿಕೆಟ್‌ನಲ್ಲೂ ಐಸಿಸಿ ಹಾಲ್ ಆಫ್ ಫೇಮ್‌ಗೆ ನಿವೃತ್ತಿಯ ನಂತರ 5 ವರ್ಷ ಕಾಯಬೇಕು. 2012ರಲ್ಲಿ ಬ್ಯಾಟು ಕೆಳಗಿಟ್ಟ ದ್ರಾವಿಡ್ 2018ರಲ್ಲಿ ಸೇರಿದ್ದು ಹಾಗೆ.

ಈ ನಿಯಮಗಳನ್ನೇ ಎತ್ತಿ ನಿಮ್ಮ ಲೀಗಿಗೆ ಅಂಟಿಸಿದರೆ ಕೆಟ್ಟಿರಿ. ನಾವು ಮಾಡಿದ ಮೊದಲ ತಪ್ಪು ಅದೇ.

ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿ

ಓಓಟಿಪಿಯಲ್ಲಿ ಪ್ರೋಗ್ರಾಮೇ ವರ್ಷವರ್ಷ ಓಟು ಹಾಕಿಸಿಕೊಂಡು ಯಾರು ಒಳಗೆ ಅಂತ ತೀರ್ಮಾನಿಸುವ ಏರ್ಪಾಡಿದೆ. ಒಬ್ಬರೇ ಮನೆಯಲ್ಲಿ ಕೂತು ಆಡುವವರಿಗೆ ಅದು ಚೆನ್ನಾಗಿಯೇ ಇದೆ. ಆದರೆ ಮನುಷ್ಯರು ಸೇರಿ ಆಡುವ ಲೀಗಿನಲ್ಲಿ ಅದನ್ನು ಹಾಗೇ ಬಿಟ್ಟರೆ ಒಂದು ದಿನ ಬೆಳಿಗ್ಗೆ ಫೈಲ್ ತೆರೆದಾಗ ಯಾರೋ ನಾಲ್ವರು ಸುಮ್ನೆ ಒಳಗೆ ಸೇರಿಕೊಂಡಿರುತ್ತಾರೆ. ಯಾರಿಗೂ ಖುಷಿಯಿಲ್ಲ, ಚರ್ಚೆಯೂ ಇಲ್ಲ. ಲೀಗ್ ಸೆಟ್ಟಿಂಗಿಗೆ ಹೋಗಿ ಅದನ್ನು ಕೈಯಿಂದ ಮಾಡುವಂತೆ ಬದಲಾಯಿಸಿ. ಹಾಗೇ ಹಳೆಯ ಆಟಗಾರರ ದಾಖಲೆ ಅಳಿಸಿ ಜಾಗ ಉಳಿಸುವ ಆಯ್ಕೆ ಏನಾದರೂ ಆನ್ ಆಗಿದೆಯಾ ಅಂತ ಒಮ್ಮೆ ನೋಡಿ. ನಾಳೆ ಓಟಿಗೆ ನಿಲ್ಲಬೇಕಾದವನೇ ಫೈಲಿನಲ್ಲಿ ಇಲ್ಲ ಅಂದರೆ ಏನು ಮಾಡ್ತೀರಿ?

ಇನ್ನು ಯಾವಾಗ ಶುರು ಮಾಡಬೇಕು? ನನ್ನ ಲೆಕ್ಕದಲ್ಲಿ ಹನ್ನೆರಡು ಹದಿನೈದು ಸೀಸನ್ ಆಗುವವರೆಗೆ ಮುಟ್ಟಲೇಬೇಡಿ. ಅದಕ್ಕೂ ಮೊದಲು ಪೂರ್ತಿ ವೃತ್ತಿಜೀವನ ಲೀಗಿನೊಳಗೇ ಕಳೆದವರು ಯಾರೂ ಇರುವುದಿಲ್ಲ.

ನಿಯಮ ಬರೆಯುವಾಗ ಗಣಿತ ಮಾಡಿ

ಎಲ್ಲರೂ ಹಾರಿಸಿಬಿಡುವ ಭಾಗ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಲೀಗಿನಲ್ಲಿ 20 ಜಿಎಂಗಳಿದ್ದಾರೆ ಅಂತಿಟ್ಟುಕೊಳ್ಳಿ. ಶೇ. 75 ಅಂದರೆ 15 ಓಟು. ಸರಿ. ಶೇ. 5 ಅಂದರೆ? ಒಂದೇ ಒಂದು ಓಟು. ಅಂದರೆ ತನ್ನ ಜಿಎಂ ಒಬ್ಬ ಪ್ರೀತಿಯಿಂದ ಓಟು ಹಾಕಿದರೆ ಸಾಕು, ಯಾವ ಆಟಗಾರನೂ ಪಟ್ಟಿಯಿಂದ ಹೊರಗೆ ಬೀಳುವುದಿಲ್ಲ. ನಾಲ್ಕೈದು ವರ್ಷದಲ್ಲಿ ನಿಮ್ಮ ಮತಪಟ್ಟಿ ಮದುವೆ ಮನೆಯ ದಿನಸಿ ಚೀಟಿಯಷ್ಟು ಉದ್ದ ಆಗುತ್ತದೆ. ಕೂಪರ್ಸ್‌ಟೌನ್‌ನಲ್ಲಿ ಓಟು ಹಾಕುವವರು ಸುಮಾರು 400 ಜನ, ಅಲ್ಲಿ ಶೇ. 5 ಅಂದರೆ 20 ಓಟು, ಅದಕ್ಕೊಂದು ಅರ್ಥವಿದೆ. ನಮ್ಮಂಥ ಪುಟ್ಟ ಲೀಗಿಗೆ ಕನಿಷ್ಠ 3 ಓಟು ಅಂತ ಸಂಖ್ಯೆಯಲ್ಲೇ ಬರೆದುಬಿಡಿ. ಶೇಕಡಾ ಬೇಡ.

ಇನ್ನು ಒಬ್ಬರಿಗೆ ಎಷ್ಟು ಹೆಸರು. 20 ಜನ ತಲಾ 10 ಹೆಸರು ಬರೆದರೆ ಒಟ್ಟು 200 ಓಟು. ಒಬ್ಬನನ್ನು ಗೆಲ್ಲಿಸಲು 15 ಸಾಕು. ಹಾಗಾದರೆ ಒಂದೇ ವರ್ಷದಲ್ಲಿ 13 ಜನ ಒಳಗೆ ಬರುವುದಕ್ಕೂ ದಾರಿ ಇದೆ ಅಂತಾಯಿತು. ತಲಾ 4 ಹೆಸರು ಅಂತ ಮಾಡಿ ನೋಡಿ: 80 ಓಟು, ಹೆಚ್ಚೆಂದರೆ 5 ಜನ. ಪಟ್ಟಿಯಲ್ಲಿ ಹನ್ನೆರಡು ಹದಿನೈದು ಹೆಸರಿದ್ದಾಗ ನಾಲ್ಕೋ ಐದೋ ಸರಿಯಾದ ಮಿತಿ. ತೀರಾ ಬಿಗಿ ಮಾಡಿದರೆ ಇನ್ನೊಂದು ತೊಂದರೆ. 2013ರಲ್ಲಿ ಕೂಪರ್ಸ್‌ಟೌನ್ ಪಟ್ಟಿಯಲ್ಲಿ ದೊಡ್ಡ ದೊಡ್ಡ ಹೆಸರುಗಳೇ ತುಂಬಿದ್ದವು. ಓಟು ಅಲ್ಲೊಂದು ಇಲ್ಲೊಂದು ಚದುರಿಹೋಗಿ 569 ಮತಪತ್ರಗಳಲ್ಲಿ ಒಬ್ಬನಿಗೂ ಶೇ. 75 ಬರಲಿಲ್ಲ. ಕ್ರೇಗ್ ಬಿಜಿಯೊಗೆ ಶೇ. 68.2. ಅದೇ ಪಟ್ಟಿಯಲ್ಲಿ ಮೊದಲ ಸಲ ನಿಂತ ಕೆನ್ನಿ ಲಾಫ್ಟನ್‌ಗೆ ಶೇ. 3.2 ಬಂದು, ಒಳ್ಳೆಯ ಆಟಗಾರ ಒಂದೇ ವರ್ಷಕ್ಕೆ ಹೊರಗೆ ಬಿದ್ದ. ಜಾಗ ಇಕ್ಕಟ್ಟಾದಾಗ ಮೊದಲು ಪೆಟ್ಟು ಬೀಳುವುದು ಇಂಥವರಿಗೆ.

ಕಾಯುವ ಅವಧಿಯೂ ಅಷ್ಟೇ. ಅಲ್ಲಿ 5 ವರ್ಷ ಅಂದರೆ 5 ವರ್ಷ. ನಿಮ್ಮಲ್ಲಿ ಒಂದು ಸೀಸನ್ ಮುಗಿಯಲು ಎಷ್ಟು ದಿನ ಬೇಕು ಅಂತ ನೋಡಿ. ಎರಡು ತಿಂಗಳಾದರೆ 5 ಸೀಸನ್ ಅಂದರೆ 10 ತಿಂಗಳು, ಪರವಾಗಿಲ್ಲ. ಆರು ತಿಂಗಳಾದರೆ ಎರಡೂವರೆ ವರ್ಷ ಕಾಯಬೇಕು. ಅಷ್ಟರಲ್ಲಿ ಆ ಆಟಗಾರನನ್ನು ಆಡಿಸಿದ ಜಿಎಂಗೆ ಮದುವೆಯಾಗಿ, ಮಗುವಾಗಿ, ಲೀಗ್ ಬಿಟ್ಟು ಹೋಗಿರುತ್ತಾನೆ. ನಿಧಾನದ ಲೀಗಾದರೆ 2 ಅಥವಾ 3 ಸೀಸನ್ ಸಾಕು. ಶೂನ್ಯ ಮಾತ್ರ ಮಾಡಬೇಡಿ. ನಿವೃತ್ತಿಯ ದಿನ ಎಲ್ಲರೂ ದೊಡ್ಡವರಾಗಿಯೇ ಕಾಣುತ್ತಾರೆ.

ಭಿನ್ನರಾಶಿ ಬಂದರೆ ಏನು ಅನ್ನುವುದನ್ನೂ ಈಗಲೇ ಬರೆಯಿರಿ. 22 ಮತದಾರರ ಶೇ. 75 ಅಂದರೆ ಹದಿನಾರೂವರೆ. ಹದಿನೇಳು ಬೇಕು, ಹದಿನಾರು ಸಾಲದು, ಅಷ್ಟೇ. ಮತ್ತೆ ಲೆಕ್ಕ ಯಾವುದರ ಮೇಲೆ, ಇರುವ ಜಿಎಂಗಳ ಮೇಲೋ ಬಂದ ಮತಪತ್ರಗಳ ಮೇಲೋ? ಬಂದ ಮತಪತ್ರಗಳ ಮೇಲೆ ಮಾಡುವುದೇ ವಾಸಿ, ಇಲ್ಲದಿದ್ದರೆ ಓಟು ಹಾಕದೆ ಮಲಗಿದವನೂ ಬೇಡ ಅಂದಂತೆ ಆಗುತ್ತದೆ. ಆದರೆ ಖಾಲಿ ಮತಪತ್ರ ಕಳಿಸಿದರೆ ಅದನ್ನು ಲೆಕ್ಕಕ್ಕೆ ಸೇರಿಸಿ. 2021ರಲ್ಲಿ ಕೂಪರ್ಸ್‌ಟೌನ್‌ಗೆ 401 ಮತಪತ್ರ ಬಂದವು, ಅದರಲ್ಲಿ 14 ಖಾಲಿ. ಯಾರೂ ಯೋಗ್ಯರಲ್ಲ ಅನ್ನುವುದೂ ಒಂದು ಅಭಿಪ್ರಾಯವೇ. ಆ ವರ್ಷವೂ ಪತ್ರಕರ್ತರ ಓಟಿನಿಂದ ಯಾರೂ ಆಯ್ಕೆಯಾಗಲಿಲ್ಲ.

ಇಷ್ಟೆಲ್ಲ ಬರೆದು, ಎಲ್ಲ ಜಿಎಂಗಳ ಒಪ್ಪಿಗೆ ಪಡೆದು, ಲೀಗಿನ ನಿಯಮಾವಳಿಗೆ ಸೇರಿಸಿ ಬೀಗ ಹಾಕಿ. ಬದಲಾವಣೆ ಬೇಕಾದರೆ ಮುಂದಿನ ವರ್ಷಕ್ಕೆ ಅನ್ವಯ, ನಡೆಯುತ್ತಿರುವ ಓಟಿಗೆ ಅಲ್ಲ.

ಪಟ್ಟಿ ತಯಾರಿ

ನಿವೃತ್ತರ ಪಟ್ಟಿಯನ್ನು ಫೈಲಿನಿಂದ ಹೊರತೆಗೆದು ಒಂದು ಸ್ಪ್ರೆಡ್‌ಶೀಟಿಗೆ ಹಾಕಿ. ಹತ್ತು ಸೀಸನ್ ಆಡದವರನ್ನು ಜಾಲಿಸಿ. ಕಾಯುವ ಅವಧಿ ಮುಗಿಯದವರನ್ನು ಪಕ್ಕಕ್ಕಿಡಿ. ಆಮೇಲೂ ಇಪ್ಪತ್ತೈದು ಮೂವತ್ತು ಹೆಸರು ಉಳಿಯುತ್ತವೆ. ಅದರಲ್ಲಿ ಹದಿನೈದು ಜನ ಸುಮ್ಮನೆ ಸುದೀರ್ಘ ಕಾಲ ಆಡಿದವರು, ಅಷ್ಟೇ.

ಇವರನ್ನು ಕಮಿಷನರ್ ಒಬ್ಬನೇ ಕಡಿಯಬಾರದು. ನಾನು ಒಮ್ಮೆ ಹಾಗೆ ಮಾಡಿ ಒಂದು ವಾರ ಬೈಸಿಕೊಂಡಿದ್ದೇನೆ. ಕೂಪರ್ಸ್‌ಟೌನ್‌ನಲ್ಲಿ ಆರು ಜನರ ಒಂದು ಸಮಿತಿ ಇದೆ, ಅದರಲ್ಲಿ ಇಬ್ಬರು ಸೂಚಿಸಿದರೆ ಹೆಸರು ಪಟ್ಟಿಗೆ ಬರುತ್ತದೆ. ನಿಮ್ಮಲ್ಲಿ ಮೂರು ಜನ ಸಾಕು. ಮೂವರಲ್ಲಿ ಇಬ್ಬರು ಹೂಂ ಅಂದರೆ ಪಟ್ಟಿಗೆ. ಪ್ರತಿ ವರ್ಷ ಮೂವರನ್ನೂ ಬದಲಾಯಿಸಿ.

ತೂಗುವುದು ಹೇಗೆ

ಮೂರು ಸಾವಿರ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು), ಐನೂರು ಹೋಮ್ ರನ್, ಚೆಂಡೆಸೆಯುವ ಪಿಚರ್‌ಗಾದರೆ ಮುನ್ನೂರು ಗೆಲುವು. ಅಮೆರಿಕದಲ್ಲಿ ತಲೆತಲಾಂತರದಿಂದ ಇವು ಹಾಲ್ ಆಫ್ ಫೇಮ್‌ನ ಟಿಕೆಟ್ಟು. ನಿಮ್ಮ ಲೀಗಿನಲ್ಲಿ ಇವನ್ನು ಮರೆತುಬಿಡಿ. ಅವು 162 ಪಂದ್ಯದ, ಅದಕ್ಕೂ ಹಿಂದೆ 154 ಪಂದ್ಯದ ಸೀಸನ್‌ಗಳಿಂದ ಹುಟ್ಟಿದ ಸಂಖ್ಯೆಗಳು. ನೀವು 120 ಪಂದ್ಯದ ಸೀಸನ್ ಆಡಿಸುತ್ತಿದ್ದರೆ ಯಾರು ಮೂರು ಸಾವಿರ ಮುಟ್ಟುತ್ತಾರೆ?

ಅಂಕಿಯ ಬೆಲೆ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಒಂದಿದೆ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ಅಂದರೆ ಬ್ಯಾಟಿಂಗ್ ಅವಕಾಶಗಳಲ್ಲಿ ಹಿಟ್ ಆದ ಪಾಲು. ಅಲ್ಲಿನ ಎರಡು ದೊಡ್ಡ ಲೀಗುಗಳಲ್ಲಿ ಒಂದು ನ್ಯಾಷನಲ್ ಲೀಗ್. 1930ರಲ್ಲಿ ಆ ಇಡೀ ಲೀಗಿನ ಬ್ಯಾಟಿಂಗ್ ಸರಾಸರಿ .303. ಎಲ್ಲರದ್ದೂ ಸೇರಿಸಿ. 1968ರಲ್ಲಿ ಇನ್ನೊಂದಾದ ಅಮೆರಿಕನ್ ಲೀಗಿನಲ್ಲಿ ಬ್ಯಾಟಿಂಗ್ ಪಟ್ಟ ಗೆದ್ದ ಕಾರ್ಲ್ ಯಾಸ್ಟ್ರೆಮ್ಸ್‌ಕಿಯ ಸರಾಸರಿ .301. ಅಂದರೆ ಒಂದು ಕಾಲದ ರಾಜ ಇನ್ನೊಂದು ಕಾಲದ ಸಾಧಾರಣ ಆಟಗಾರನಿಗಿಂತ ಕೆಳಗೆ! 1968ರಲ್ಲಿ ಪಿಚರ್‌ಗಳದ್ದೇ ದರ್ಬಾರು, ಬಾಬ್ ಗಿಬ್ಸನ್‌ನ ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ) 1.12. ಕೊನೆಗೆ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಅಂಗುಲದಿಂದ 10ಕ್ಕೆ ಇಳಿಸಬೇಕಾಯಿತು. ಕ್ರಿಕೆಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಎದುರು ತಂಡವೆಲ್ಲ ಸೇರಿ 190 ಹೊಡೆದಾಗ ನಮ್ಮ ವಿಶ್ವನಾಥ್ ಒಬ್ಬರೇ ಔಟಾಗದೆ 97 ಹೊಡೆದರು. ದಾಖಲೆ ಪುಸ್ತಕದಲ್ಲಿ ಅದು ಒಂದು ಶತಕ ಕೂಡ ಅಲ್ಲ.

ಸಿಮ್ ಲೀಗಿನಲ್ಲಿ ಈ ಏರಿಳಿತ ಇನ್ನೂ ಜಾಸ್ತಿ, ಯಾಕೆಂದರೆ ಇಲ್ಲಿ ಕಮಿಷನರ್ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಇಡೀ ಯುಗವೇ ಬದಲಾಗುತ್ತದೆ. ನಮ್ಮಲ್ಲಿ ಹೊಸ ಆವೃತ್ತಿಗೆ ಹೋದ ಮೊದಲ ಎರಡು ಸೀಸನ್ ಹೋಮ್ ರನ್ ಮಳೆ ಸುರಿಯಿತು. ಮೂಲೆಯಲ್ಲಿ ಕೂತಿದ್ದವರೆಲ್ಲ ನಲವತ್ತು ನಲವತ್ತು ಹೊಡೆದರು. ಆ ಎರಡು ವರ್ಷದ ಅಂಕಿ ನೋಡಿ ಓಟು ಹಾಕಿದರೆ ಅದು ಆಟಗಾರನಿಗೆ ಹಾಕಿದ ಓಟಲ್ಲ, ನನ್ನ ಎಡವಟ್ಟಿಗೆ ಹಾಕಿದ ಓಟು. ಹಾಗಾಗಿ ಪ್ರತಿ ಆಟಗಾರನ ಅಂಕಿ ಪಕ್ಕದಲ್ಲಿ ಆ ವರ್ಷದ ಲೀಗಿನ ಸರಾಸರಿಯನ್ನೂ ಹಾಕಿ. ಮೈದಾನವನ್ನೂ ನೋಡಿ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಮೇಲಿದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ. ಅಲ್ಲಿ ಆಡಿದ ಲ್ಯಾರಿ ವಾಕರ್‌ನನ್ನು ಮತದಾರರು ವರ್ಷಗಟ್ಟಲೆ ನಂಬಲಿಲ್ಲ. 2014ರಲ್ಲಿ ಅವನಿಗೆ ಬಂದದ್ದು ಶೇ. 10.2. ಜನ ನಿಧಾನವಾಗಿ ಲೆಕ್ಕ ಹಾಕಿ ನೋಡಿದರು. 2020ರಲ್ಲಿ, ಹತ್ತನೆಯ ಮತ್ತು ಕೊನೆಯ ಅವಕಾಶದಲ್ಲಿ, ಶೇ. 76.6 ಪಡೆದು ಒಳಗೆ ಬಂದ. ಪಟ್ಟಿಯಲ್ಲಿ ಕೆಲವು ವರ್ಷ ಉಳಿಸಿಕೊಳ್ಳುವ ನಿಯಮ ಯಾಕೆ ಬೇಕು ಅಂತ ಇದರಿಂದ ಗೊತ್ತಾಗುತ್ತದೆ.

ಒಂದೇ ಸಂಖ್ಯೆ ಬೇಕು ಅನ್ನುವವರಿಗೆ ವಾರ್ (WAR) ಅನ್ನುವ ಅಳತೆ ಇದೆ. ಅದೇ ಜಾಗದಲ್ಲಿ ಕೈಗೆ ಸುಲಭವಾಗಿ ಸಿಗುವ ಬದಲಿ ಆಟಗಾರನನ್ನು ನಿಲ್ಲಿಸಿದ್ದರೆ ಎಷ್ಟು ಗೆಲ್ಲುತ್ತಿದ್ದೆವೋ ಅದಕ್ಕಿಂತ ಈತನಿಂದ ಎಷ್ಟು ಪಂದ್ಯ ಜಾಸ್ತಿ ಬಂತು ಅನ್ನುವ ಅಂದಾಜು ಅದು. ಯುಗ, ಮೈದಾನ ಎಲ್ಲ ಅದರೊಳಗೇ ಸೇರಿರುತ್ತದೆ. ಆದರೆ ಒಟ್ಟು ವಾರ್ ಒಂದನ್ನೇ ನೋಡಿದರೆ ಇಪ್ಪತ್ತು ವರ್ಷ ಸಾಧಾರಣವಾಗಿ ಆಡಿದವನು ಮೇಲೆ ಬರುತ್ತಾನೆ. ಇದಕ್ಕೆ ಜೇ ಜಾಫಿ ಅನ್ನುವ ಬರಹಗಾರರು ಒಂದು ಸರಳ ಉಪಾಯ ಕೊಟ್ಟಿದ್ದಾರೆ, ಹೆಸರು ಜಾಸ್. ವೃತ್ತಿಜೀವನದ ಒಟ್ಟು ವಾರ್ ತಗೊಳ್ಳಿ. ಅತ್ಯುತ್ತಮ ಏಳು ಸೀಸನ್‌ಗಳ ವಾರ್ ಕೂಡಿಸಿ. ಎರಡರ ಸರಾಸರಿ ಮಾಡಿ. ಒಬ್ಬನಿಗೆ ಒಟ್ಟು 70, ಉತ್ತಮ ಏಳರಲ್ಲಿ 38 ಅಂದರೆ 54. ಇನ್ನೊಬ್ಬನಿಗೆ ಒಟ್ಟು 60, ಏಳರಲ್ಲಿ 48 ಅಂದರೆ ಅವನದ್ದೂ 54. ಬೇಗ ಮಿಂಚಿ ಮರೆಯಾದವನಿಗೂ ನ್ಯಾಯ ಸಿಗುತ್ತದೆ. ಸ್ಯಾಂಡಿ ಕೋಫ್ಯಾಕ್ಸ್ ಗೆದ್ದದ್ದು ಬರೀ 165 ಪಂದ್ಯ, ಮೂವತ್ತಕ್ಕೇ ನಿವೃತ್ತಿ, ಆದರೂ 1972ರಲ್ಲಿ ಮೊದಲ ಪ್ರಯತ್ನದಲ್ಲೇ ಒಳಗೆ. ಡಾನ್ ಸಟನ್ 324 ಗೆದ್ದೂ ಐದನೇ ಪ್ರಯತ್ನದವರೆಗೆ ಕಾಯಬೇಕಾಯಿತು.

ಇನ್ನೊಂದು ಅಳತೆ ಬಿಲ್ ಜೇಮ್ಸ್ ಅವರದ್ದು, ಬ್ಲ್ಯಾಕ್ ಇಂಕ್. ಹಳೆಯ ದಾಖಲೆ ಪುಸ್ತಕಗಳಲ್ಲಿ ಲೀಗಿಗೇ ಮೊದಲು ಬಂದವನ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದರಲ್ಲ, ಅಂಥ ದಪ್ಪ ಅಂಕಿ ಎಷ್ಟಿವೆ ಅಂತ ಎಣಿಸುವುದು. ಸಿಮ್ ಲೀಗಿಗೆ ಇದು ಹೇಳಿ ಮಾಡಿಸಿದ ಅಳತೆ. ಯುಗ ಯಾವುದಾದರೇನು, ಮೊದಲು ಬಂದವನು ಮೊದಲು ಬಂದವನೇ. ಒಂದೇ ಎಚ್ಚರಿಕೆ: 8 ತಂಡದ ಲೀಗಿನಲ್ಲಿ ಮೊದಲು ಬರುವುದಕ್ಕೂ 30 ತಂಡದ ಲೀಗಿನಲ್ಲಿ ಬರುವುದಕ್ಕೂ ವ್ಯತ್ಯಾಸವಿದೆ.

ಜಾಗದ ಲೆಕ್ಕವೂ ಮುಖ್ಯ. ಶಾರ್ಟ್‌ಸ್ಟಾಪನ್ನು ಫಸ್ಟ್ ಬೇಸ್‌ಮನ್ ಜೊತೆ ಹೋಲಿಸಬೇಡಿ, ಮೊದಲನೆಯವನದು ಕಷ್ಟದ ಫೀಲ್ಡಿಂಗ್ ಜಾಗ, ಎರಡನೆಯವನದು ಸುಲಭದ್ದು. ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್‌ಗಳು ಮಂಡಿಯೂರಿ ಕೂತು ಕೂತು ಬೇಗ ಸವೆಯುತ್ತಾರೆ, ಅವರ ಒಟ್ಟು ಅಂಕಿ ಯಾವಾಗಲೂ ಕಡಿಮೆ. ಬ್ಯಾಟಿಂಗ್ ಮಾತ್ರ ಮಾಡುವ ಡಿಎಚ್‌ಗಳ ಬಗ್ಗೆ ಅಮೆರಿಕದಲ್ಲೇ ದಶಕಗಟ್ಟಲೆ ತಕರಾರಿತ್ತು. ಎಡ್ಗರ್ ಮಾರ್ಟಿನೆಜ್ 2019ರಲ್ಲಿ ಹತ್ತನೇ ವರ್ಷದಲ್ಲಿ ಒಳಗೆ ಬಂದದ್ದು.

ನಡತೆಯ ವಿಷಯ? ಕೂಪರ್ಸ್‌ಟೌನ್‌ನ ನಿಯಮದಲ್ಲಿ ಪ್ರಾಮಾಣಿಕತೆ, ನಡತೆ ಎಲ್ಲ ನೋಡಿ ಅಂತಿದೆ. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್ 2022ರ ಕೊನೆಯ ಅವಕಾಶದಲ್ಲಿ ಶೇ. 66ಕ್ಕೆ ನಿಂತಿದ್ದು ಉದ್ದೀಪನ ಮದ್ದಿನ ಆರೋಪದಿಂದ. ಸಿಮ್ ಆಟಗಾರ ಪಾಪ ಏನೂ ತಿನ್ನುವುದಿಲ್ಲ. ಆದರೆ ಅವನ ಜಿಎಂ ತರಲೆ ಮಾಡಿರಬಹುದು, ಪ್ರೋಗ್ರಾಮಿನ ಲೋಪ ಬಳಸಿಕೊಂಡಿರಬಹುದು. ನನ್ನ ಅಭಿಪ್ರಾಯ ಸ್ಪಷ್ಟ: ಜಿಎಂ ಮಾಡಿದ್ದಕ್ಕೆ ಆಟಗಾರನಿಗೆ ಶಿಕ್ಷೆ ಬೇಡ. ಜಿಎಂನನ್ನು ಬೈಯುವುದಿದ್ದರೆ ಬೇರೆ ಜಾಗದಲ್ಲಿ ಬೈಯಿರಿ.

ಓಟು

ಗೂಗಲ್ ಫಾರ್ಮ್ ಸಾಕು, ಬೇರೆ ದೊಡ್ಡ ಏರ್ಪಾಡು ಬೇಕಿಲ್ಲ. ಸೀಸನ್ ಮುಗಿದು ಮುಂದಿನದು ಶುರುವಾಗುವ ನಡುವಿನ ಬಿಡುವಿನಲ್ಲಿ ಇಡಿ, ಪಂದ್ಯ ನಡೆಯುವಾಗ ಯಾರಿಗೂ ಪುರುಸೊತ್ತಿರಲ್ಲ. ಹತ್ತು ದಿನ ಕೊಡಿ. ಮೊದಲ ನಾಲ್ಕು ದಿನ ಬರೀ ಚರ್ಚೆ, ಆಮೇಲೆ ಆರು ದಿನ ಓಟು. ಫಾರ್ಮಿನಲ್ಲಿ ಹೆಸರುಗಳನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ತೋರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಮೇಲಿದ್ದ ಹೆಸರಿಗೆ ಸುಮ್ನೆ ಟಿಕ್ ಹಾಕುವವರು ಎಲ್ಲ ಕಡೆ ಇರುತ್ತಾರೆ.

ಪ್ರತಿ ಆಟಗಾರನಿಗೂ ಒಂದೇ ಅಳತೆಯ ಪರಿಚಯ ಕೊಡಿ: ಆಡಿದ ಸೀಸನ್, ತಂಡಗಳು, ವಾರ್, ಉತ್ತಮ ಏಳು ವರ್ಷ, ಪ್ರಶಸ್ತಿಗಳು, ಪ್ಲೇಆಫ್ ಅಂಕಿ, ಜೊತೆಗೆ ಮೂರು ಸಾಲಿನ ಕಥೆ. ಕಥೆಯನ್ನು ಆ ಆಟಗಾರನ ಜಿಎಂ ಬರೆಯಬಾರದು, ಎದುರಾಳಿ ಜಿಎಂ ಬರೆಯಬೇಕು. ಇದನ್ನು ನಾವು ತಮಾಷೆಗೆ ಶುರು ಮಾಡಿದ್ದು, ಈಗ ಎಲ್ಲರೂ ಕಾದು ಓದುವುದೇ ಅದನ್ನು. "ಇವನು ಒಂಬತ್ತನೇ ಇನಿಂಗ್ಸಿನಲ್ಲಿ ಬ್ಯಾಟಿಗೆ ಬಂದರೆ ನಾನು ಫೈಲ್ ಮುಚ್ಚಿ ಊಟಕ್ಕೆ ಹೋಗುತ್ತಿದ್ದೆ" ಅಂತ ಒಬ್ಬರು ಬರೆದಿದ್ದರು. ಆ ಆಟಗಾರನಿಗೆ ಓಟು ಬಿದ್ದದ್ದು ಅಂಕಿಯಿಂದಲೋ ಆ ಸಾಲಿನಿಂದಲೋ, ನನಗಂತೂ ಅನುಮಾನವಿದೆ.

ಸ್ವಂತ ಆಟಗಾರರಿಗೆ ಓಟು ಹಾಕಬಹುದಾ? ಬೇಡ ಅಂದರೆ ಅನ್ಯಾಯ, ಹಾಕಿ ಅಂದರೆ ಎಲ್ಲರೂ ಬರೀ ತಮ್ಮವರಿಗೇ ಹಾಕುತ್ತಾರೆ. ನಾವು ಕಂಡುಕೊಂಡ ದಾರಿ: ನಾಲ್ಕು ಹೆಸರಲ್ಲಿ ಒಂದು ಮಾತ್ರ ಸ್ವಂತದ್ದು ಇರಬಹುದು. ಗುಟ್ಟಿನ ಓಟೋ ಬಹಿರಂಗವೋ ಅನ್ನುವುದಕ್ಕೆ, ಮುಗಿದ ಮೇಲೆ ಎಲ್ಲರ ಮತಪತ್ರವನ್ನೂ ಹೊರಗೆ ಹಾಕಿ. ನಾಳೆ ಎಲ್ಲರೂ ನೋಡುತ್ತಾರೆ ಅಂತ ಗೊತ್ತಿದ್ದರೆ ಜನ ಸ್ವಲ್ಪ ಯೋಚಿಸಿ ಹಾಕುತ್ತಾರೆ.

ಎಣಿಕೆ

ಇಬ್ಬರು ಎಣಿಸಿ. ಫಲಿತಾಂಶದಲ್ಲಿ ಎಲ್ಲರ ಓಟಿನ ಸಂಖ್ಯೆಯನ್ನೂ ಹಾಕಿ, ಗೆದ್ದವರದ್ದು ಮಾತ್ರ ಅಲ್ಲ.

ಒಂದು ಓಟಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಕೆಟ್ಟದ್ದೆನಿಸುತ್ತದೆ, ಇರಲಿ ಬಿಡಿ ಸೇರಿಸಿಕೊಳ್ಳೋಣ ಅಂತ ಹತ್ತು ಜನ ಹೇಳುತ್ತಾರೆ. ಒಪ್ಪಬೇಡಿ. 2014ರಲ್ಲಿ ಬಿಜಿಯೊಗೆ ಬಂದದ್ದು ಶೇ. 74.8, ಎರಡೇ ಓಟು ಕಡಿಮೆ. 75 ಅಂತ ಯಾರೂ ದುಂಡು ಮಾಡಲಿಲ್ಲ. ಮರುವರ್ಷ ಸಲೀಸಾಗಿ ಒಳಗೆ ಬಂದ. 1985ರಲ್ಲಿ ನೆಲ್ಲಿ ಫಾಕ್ಸ್‌ಗೆ ಶೇ. 74.7 ಬಂದಿತ್ತು, ಅದು ಅವನ ಕೊನೆಯ ಅವಕಾಶ. ಆಮೇಲೆ, ಪತ್ರಕರ್ತರ ಓಟಿನಲ್ಲಿ ತಪ್ಪಿಹೋದ ಹಳಬರಿಗೆಂದು ಇರುವ ಬೇರೊಂದು ಸಮಿತಿಯ ಮೂಲಕ 1997ರಲ್ಲಿ ಸೇರಿದ. ಆಗ ಅವನು ಬದುಕಿರಲಿಲ್ಲ. ನಮ್ಮ ಆಟಗಾರರಿಗೆ ಆ ತೊಂದರೆ ಇಲ್ಲ ಬಿಡಿ, ಅವರು ಫೈಲಿನಲ್ಲಿ ಹಾಗೇ ಇರುತ್ತಾರೆ.

ಫೈಲಿನಲ್ಲಿ ಸೇರಿಸುವುದು

ಇಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. ಫಲಿತಾಂಶ ಬಂದ ರಾತ್ರಿಯೇ ಉತ್ಸಾಹದಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯಲ್ಲಿ ಮೂವರನ್ನು ಸೇರಿಸಿ, ಉಳಿಸಿ, ಮಲಗಿದೆ. ಮರುದಿನ ಸಹ-ಕಮಿಷನರ್ ತನ್ನ ಪ್ರತಿಯಿಂದ ಸಿಮ್ ಓಡಿಸಿ ಸರ್ವರಿಗೆ ಏರಿಸಿದ. ನಾನು ಅದನ್ನೇ ಇಳಿಸಿಕೊಂಡೆ. ನನ್ನ ಮೂವರೂ ಮಾಯ. ಇನ್ನೂ ತಮಾಷೆ ಅಂದರೆ ಅದು ಎಲ್ಲರಿಗೂ ಗೊತ್ತಾಗಿದ್ದು ಎರಡು ಸೀಸನ್ ಆದ ಮೇಲೆ, ಒಬ್ಬ ಜಿಎಂ ತನ್ನ ಪಿಚರ್ ಹೆಸರು ಹಾಲ್ ಆಫ್ ಫೇಮ್ ಪುಟದಲ್ಲಿ ಹುಡುಕಿ ಸಿಗದೆ ಬೈದಾಗ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಸರ್ವರಿನಲ್ಲಿರುವ ಹೊಸ ಲೀಗ್ ಫೈಲ್ ಇಳಿಸಿಕೊಳ್ಳಿ. ಅದರ ಇಡೀ ಫೋಲ್ಡರನ್ನು ತಾರೀಕು ಹಾಕಿ ಬೇರೆ ಕಡೆ ನಕಲು ಮಾಡಿ. ಜಿಎಂಗಳು ಕಳಿಸಿದ ತಂಡದ ಫೈಲುಗಳನ್ನೆಲ್ಲ ಸೇರಿಸಿಕೊಳ್ಳಿ. ಆಮೇಲೆ ಕಮಿಷನರ್ ಮೋಡಿನಲ್ಲಿ ಆಟಗಾರನ ಪುಟ ತೆರೆದು ಎಡಿಟರಿಗೆ ಹೋಗಿ ಹಾಲ್ ಆಫ್ ಫೇಮ್‌ಗೆ ಸೇರಿದವನೆಂದು ಗುರುತು ಹಾಕಿ, ಸೇರಿದ ವರ್ಷ ಸರಿಯಾಗಿದೆಯಾ ನೋಡಿ. ಮೆನುವಿನ ಜಾಗ ಆವೃತ್ತಿಯಿಂದ ಆವೃತ್ತಿಗೆ ಆಚೀಚೆ ಆಗುತ್ತದೆ, ಸ್ವಲ್ಪ ಹುಡುಕಬೇಕು. ಒಂದೇ ಹೆಸರಿನ ಇಬ್ಬರು ಇರಬಹುದು, ಅಪ್ಪ ಮಗ ಇರಬಹುದು, ಹುಟ್ಟಿದ ದಿನಾಂಕ ನೋಡಿಕೊಂಡೇ ಒತ್ತಿ. ಹಾಲ್ ಆಫ್ ಫೇಮ್ ಪುಟ ತೆರೆದು ಹೆಸರು ಬಂದಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಫೈಲ್ ಏರಿಸಿ. ಕೊನೆಗೆ ಬೇರೆ ಯಾರಾದರೂ ಒಬ್ಬರಿಗೆ ಇಳಿಸಿಕೊಂಡು ನೋಡಲು ಹೇಳಿ. ಈ ಕೊನೆಯದನ್ನು ಮಾತ್ರ ಬಿಡಬೇಡಿ.

ಫಲಕ ಬರೆಯುವುದು

ಸಾಫ್ಟ್‌ವೇರಿನಲ್ಲಿ ಟಿಕ್ ಹಾಕಿದರೆ ಸೇರ್ಪಡೆ ಆಯಿತು ಅಂದುಕೊಳ್ಳಬೇಡಿ. ಕೂಪರ್ಸ್‌ಟೌನ್‌ನಲ್ಲಿ ಪ್ರತಿಯೊಬ್ಬರಿಗೂ ಕಂಚಿನ ಫಲಕ ಇದೆ, ಮುಖ, ಟೋಪಿ, ಕೆಳಗೆ ಕೆಲವೇ ಸಾಲು. ನಿಮ್ಮದೂ ಹಾಗೇ ಇರಲಿ. ಅರವತ್ತು ಎಪ್ಪತ್ತು ಪದದ ಮಿತಿ ಹಾಕಿ. ಮಿತಿ ಇಲ್ಲದಿದ್ದರೆ ಜನ ಪುಟಗಟ್ಟಲೆ ಬರೆಯುತ್ತಾರೆ, ಯಾರೂ ಓದುವುದಿಲ್ಲ.

ಏನು ಬರೆಯಬೇಕು ಅನ್ನುವುದಕ್ಕೆ ಜಾಕಿ ರಾಬಿನ್ಸನ್ ಫಲಕದ ಕಥೆ ಕೇಳಿ. 1947ರಲ್ಲಿ, ಕಪ್ಪು ಆಟಗಾರರನ್ನು ದೊಡ್ಡ ಲೀಗುಗಳಿಂದ ಹೊರಗಿಟ್ಟಿದ್ದ ಬಣ್ಣದ ಗೋಡೆ ಒಡೆದು ಒಳಗೆ ಬಂದ ಮನುಷ್ಯ. 1962ರಲ್ಲಿ ಅವನ ಫಲಕ ಹಾಕಿದಾಗ ಆ ಸಂಗತಿಯೇ ಅದರಲ್ಲಿ ಇರಲಿಲ್ಲ. ತನ್ನನ್ನು ಆಟದಿಂದ ಮಾತ್ರ ಅಳೆಯಬೇಕು ಅನ್ನುವುದು ಅವನ ಇಚ್ಛೆಯಾಗಿತ್ತು. 2008ರಲ್ಲಿ ಹೊಸ ಫಲಕ ಮಾಡಿ ಅದನ್ನು ಸೇರಿಸಿದರು. ಸರಾಸರಿ, ಹಿಟ್ ಎಲ್ಲ ಫೈಲಿನಲ್ಲಿ ಹೇಗೂ ಇರುತ್ತದೆ. ಫೈಲಿನಲ್ಲಿ ಇಲ್ಲದ್ದನ್ನು ಫಲಕದಲ್ಲಿ ಬರೆಯಿರಿ. ಯಾರಿಗೂ ಬೇಡವಾಗಿ, ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟಿನ ಹದಿನೇಳನೇ ಸುತ್ತಿನಲ್ಲಿ ಸಿಕ್ಕವನು, ಎರಡು ಸಲ ಭುಜ ಹರಿದುಕೊಂಡು ವಾಪಸ್ ಬಂದವನು, ತನ್ನ ಜಿಎಂ ಲೀಗ್ ಬಿಟ್ಟ ವರ್ಷವೇ ಕಪ್ ಗೆದ್ದವನು.

ಫಲಕದ ಮೇಲೆ ಯಾವ ತಂಡದ ಟೋಪಿ ಅನ್ನುವ ಜಗಳ ಗ್ಯಾರಂಟಿ ಬರುತ್ತದೆ. ಮೂರು ತಂಡಕ್ಕೆ ಆಡಿದ್ದರೆ ಮೂವರು ಜಿಎಂಗಳೂ ನಮ್ಮವನು ಅನ್ನುತ್ತಾರೆ. ಕೂಪರ್ಸ್‌ಟೌನ್‌ನಲ್ಲಿ ಕೊನೆಯ ಮಾತು ಮ್ಯೂಸಿಯಮ್ಮಿನದೇ. 2003ರಲ್ಲಿ ಗ್ಯಾರಿ ಕಾರ್ಟರ್‌ಗೆ ಮೆಟ್ಸ್ ಟೋಪಿ ಬೇಕಿತ್ತು, ಕೊಟ್ಟಿದ್ದು ಮಾಂಟ್ರಿಯಲ್ ಎಕ್ಸ್‌ಪೋಸ್‌ನದು. 2014ರಲ್ಲಿ ಗ್ರೆಗ್ ಮ್ಯಾಡಕ್ಸ್‌ನದು ಲೋಗೋ ಇಲ್ಲದ ಖಾಲಿ ಟೋಪಿ. ನೀವು ಜಾಸ್ತಿ ವಾರ್ ಯಾವ ತಂಡದಲ್ಲೋ ಆ ಟೋಪಿ ಅಂತ ಬರೆದಿಡಿ, ಹತ್ತಿರ ಹತ್ತಿರ ಇದ್ದರೆ ಖಾಲಿ ಟೋಪಿ. ಮುಗೀತು.

ಬಿಟ್ಟುಹೋದವರು

ಪಟ್ಟಿಯಿಂದ ಹೊರಬಿದ್ದವರಿಗೆ ಇನ್ನೊಂದು ಬಾಗಿಲು ಬೇಕು. ಡೆಟ್ರಾಯಿಟ್‌ನಲ್ಲಿ ಹತ್ತೊಂಬತ್ತು ಸೀಸನ್ ಒಟ್ಟಿಗೆ ಆಡಿದ ಜೋಡಿ ಆಲನ್ ಟ್ರಾಮೆಲ್ ಮತ್ತು ಲೂ ವಿಟೇಕರ್. ವಿಟೇಕರ್‌ಗೆ 2001ರಲ್ಲಿ ಶೇ. 2.9 ಬಂದು ಮೊದಲ ವರ್ಷವೇ ಹೊರಗೆ. ಟ್ರಾಮೆಲ್ 2018ರಲ್ಲಿ ಸಮಿತಿಯ ಮೂಲಕ ಒಳಗೆ ಬಂದ.

ಸಿಮ್ ಲೀಗಿಗೆ ಈ ಬಾಗಿಲು ಇನ್ನೂ ಮುಖ್ಯ, ಕಾರಣ ಮೊದಲ ತಲೆಮಾರು. ಕಲ್ಪಿತ ಆಟಗಾರರೊಂದಿಗೆ ಲೀಗ್ ಶುರು ಮಾಡಿದಾಗ ಮೊದಲ ದಿನವೇ ಕೆಲವರಿಗೆ 31, 32 ವಯಸ್ಸು. ಅವರ ಹಿಂದಿನ ಹತ್ತು ವರ್ಷ ಫೈಲಿನಲ್ಲೇ ಇಲ್ಲ. ಆರು ವರ್ಷ ಅದ್ಭುತವಾಗಿ ಆಡಿ ನಿವೃತ್ತರಾದರು. ಹತ್ತು ಸೀಸನ್ ನಿಯಮದಲ್ಲಿ ಅವರಿಗೆ ಜಾಗವೇ ಇಲ್ಲ. ಅಸಲಿ ಬೇಸ್‌ಬಾಲ್‌ನಲ್ಲಿ ಇಂಥದ್ದು ನಡೆದದ್ದು ಜನಾಂಗ ಭೇದದಿಂದ, ಅದರ ನೋವನ್ನು ಇದಕ್ಕೆ ಹೋಲಿಸಬಾರದು. ಆದರೆ ದಾರಿ ಅಲ್ಲಿಂದ ಕಲಿಯಬಹುದು. ಸ್ಯಾಚೆಲ್ ಪೇಜ್‌ಗೆ ಮೇಜರ್ ಲೀಗ್ ಬಾಗಿಲು ತೆರೆದದ್ದು 1948ರಲ್ಲಿ, 42ನೇ ವಯಸ್ಸಿಗೆ. ಕಪ್ಪು ಆಟಗಾರರು ಬೇರೆಯಾಗಿ ಆಡಬೇಕಿದ್ದ ನೀಗ್ರೋ ಲೀಗ್‌ಗಳವರಿಗೆಂದೇ ಮಾಡಿದ ಸಮಿತಿ 1971ರಲ್ಲಿ ಅವನನ್ನು ಆಯ್ಕೆ ಮಾಡಿತು. ನಾವೂ ಸ್ಥಾಪಕ ಆಟಗಾರರಿಗೆ ಅಂತ ಒಂದೇ ಸಲ ಒಂದು ಸಮಿತಿ ಮಾಡಿ, ಹೆಚ್ಚೆಂದರೆ ನಾಲ್ವರು ಅಂತ ಮಿತಿ ಹಾಕಿ, ಮುಗಿಸಿ ಮುಚ್ಚಿದೆವು.

ಸಮಿತಿಯಲ್ಲಿ ಯಾರು ಕೂರುತ್ತಾರೆ ಅನ್ನುವುದೇ ಎಲ್ಲ. 1970ರ ದಶಕದಲ್ಲಿ ಕೂಪರ್ಸ್‌ಟೌನ್‌ನ ಹಿರಿಯರ ಸಮಿತಿಯಲ್ಲಿ ಫ್ರ್ಯಾಂಕಿ ಫ್ರಿಶ್ ಇದ್ದ ಕಾಲದಲ್ಲಿ ಅವನ ಹಳೆಯ ಸಹ ಆಟಗಾರರು ಒಬ್ಬರಾದ ಮೇಲೊಬ್ಬರು ಒಳಗೆ ಬಂದರು. ಜನ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಹೆರಾಲ್ಡ್ ಬೇನ್ಸ್‌ಗೆ ಪತ್ರಕರ್ತರ ಓಟಿನಲ್ಲಿ ಯಾವತ್ತೂ ಶೇ. 6.1ಕ್ಕಿಂತ ಜಾಸ್ತಿ ಬಂದಿರಲಿಲ್ಲ. 16 ಜನರ ಸಮಿತಿಯಲ್ಲಿ ಬೇಕಾದ 12 ಓಟು ಸರಿಯಾಗಿ ಸಿಕ್ಕಿ 2019ರಲ್ಲಿ ಸೇರಿದ. ಆ ಸಮಿತಿಯಲ್ಲಿ ಅವನ ಹಳೆಯ ಮ್ಯಾನೇಜರ್ ಟೋನಿ ಲಾ ರೂಸ ಇದ್ದರು, ಹಳೆಯ ತಂಡದ ಮಾಲೀಕರೂ ಇದ್ದರು. ನಿಮ್ಮ ಸಮಿತಿಯಲ್ಲಿ ಆ ಆಟಗಾರನನ್ನು ಎಂದಾದರೂ ಆಡಿಸಿದ ಜಿಎಂ ಇದ್ದರೆ ಆ ಹೆಸರು ಬಂದಾಗ ಎದ್ದು ಹೊರಗೆ ಹೋಗಬೇಕು ಅಂತ ಬರೆದಿಡಿ. ಲೀಗಿಗೆ ಹೊಸದಾಗಿ ಸೇರಿದ ಇಬ್ಬರನ್ನಾದರೂ ಕೂರಿಸಿ. ಅವರಿಗೆ ಹಳೆಯ ದ್ವೇಷವೂ ಗೊತ್ತಿಲ್ಲ, ಹಳೆಯ ಸ್ನೇಹವೂ ಗೊತ್ತಿಲ್ಲ. ಸಮಿತಿ ಪ್ರತಿ ವರ್ಷ ಸೇರುವುದೂ ಬೇಡ. ಐದು ಸೀಸನ್‌ಗೆ ಒಮ್ಮೆ, ಎಂಟು ಹೆಸರು, ಒಬ್ಬೊಬ್ಬರಿಗೆ ಎರಡೇ ಓಟು.

ನಮ್ಮ ಮುಂದಿನ ಸಮಿತಿ ಇನ್ನು ಮೂರು ಸೀಸನ್‌ಗೆ ಸೇರಬೇಕು. ಒಬ್ಬ ಎಡಗೈ ಪಿಚರ್ ಬಗ್ಗೆ ಈಗಲೇ ಇಬ್ಬರು ಜಿಎಂಗಳು ನನಗೆ ಸ್ಪ್ರೆಡ್‌ಶೀಟ್ ಕಳಿಸಿದ್ದಾರೆ. ಅವನನ್ನು ಆಡಿಸಿದ್ದು ನಾನೇ. ಹಾಗಾಗಿ ಆ ದಿನ ನಾನು ಹೊರಗೆ.